ಸಮ್ಮಿಲನ ವಿದ್ಯುತ್: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ಕೆಳಗೆ ಹೋದ ಹಾಗೆ ಲೆಕ್ಕ ಜಾಸ್ತಿ.

## ಮೊದಮೊದಲು ಕೇಳುವುದು

ಕೈಗಾದಲ್ಲಿರುವುದೂ ಅಣುವಿದ್ಯುತ್ತೇ ಅಲ್ವಾ? ಇದಕ್ಕೂ ಅದಕ್ಕೂ ಎಂಥ ವ್ಯತ್ಯಾಸ?

ಕೈಗಾದ ನಾಲ್ಕು ಘಟಕಗಳಲ್ಲಿ (ಒಂದೊಂದೂ 220 ಮೆಗಾವಾಟ್) ಯುರೇನಿಯಂ ನ್ಯೂಕ್ಲಿಯಸ್ ಒಡೆದು ಶಕ್ತಿ ಬರುತ್ತದೆ. ಅದು ವಿದಳನ. ಸಮ್ಮಿಲನದಲ್ಲಿ ಎರಡು ಹಗುರ ನ್ಯೂಕ್ಲಿಯಸ್‌ಗಳು ಕೂಡಿ ಒಂದಾಗುತ್ತವೆ. ಸದ್ಯಕ್ಕೆ ಕೈಗೆಟುಕುವಂತೆ ಕಾಣುವುದು ಹೈಡ್ರೋಜನ್ನಿನ ಎರಡು ಐಸೋಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳು) ಜೋಡಿ: ಡ್ಯೂಟೀರಿಯಂ ಮತ್ತು ಟ್ರೀಷಿಯಂ. ಇವು ಸೇರಿದಾಗ ಒಂದು ಹೀಲಿಯಂ, ಒಂದು ನ್ಯೂಟ್ರಾನ್ ಹುಟ್ಟಿ 17.6 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊರಬೀಳುತ್ತದೆ. ಅದರಲ್ಲಿ 3.5 ಹೀಲಿಯಮ್ಮಿನ ಪಾಲು, ಉಳಿದ 14.1 ನ್ಯೂಟ್ರಾನಿನ ಪಾಲು.

ಈ ಹಂಚಿಕೆ ನೆನಪಿರಲಿ, ಮುಂದಿನ ತಲೆನೋವುಗಳಲ್ಲಿ ಅರ್ಧ ಇಲ್ಲಿಂದಲೇ ಶುರು. ಹೀಲಿಯಮ್ಮಿಗೆ ವಿದ್ಯುದಾವೇಶ ಇರುವುದರಿಂದ ಅದು ಕಾಂತಕ್ಷೇತ್ರದೊಳಗೇ ಉಳಿದು ಪ್ಲಾಸ್ಮಾವನ್ನು (ಕಾವಿಗೆ ಎಲೆಕ್ಟ್ರಾನುಗಳು ಬಿಡಿಯಾದ ಅನಿಲ) ಬಿಸಿಯಾಗಿಡುತ್ತದೆ. ನ್ಯೂಟ್ರಾನಿಗೆ ಆವೇಶವಿಲ್ಲ, ಅದು ನೇರ ಹೋಗಿ ಗೋಡೆಗೆ ಬಡಿಯುತ್ತದೆ. ಆ ಗೋಡೆಯ ಬಿಸಿಯಿಂದ ಉಗಿ ಮಾಡಿ ಟರ್ಬೈನ್ ತಿರುಗಿಸಬೇಕು. ಅಲ್ಲಿಂದಾಚೆ ಕೈಗಾ, ಎಲ್ಲೂರಿನ ಕಲ್ಲಿದ್ದಲು ಸ್ಥಾವರ, ಸಮ್ಮಿಲನ ಎಲ್ಲವೂ ಒಂದೇ ಜಾತಿ.

ಸೂರ್ಯನೊಳಗೆ ಒಂದೂವರೆ ಕೋಟಿ ಡಿಗ್ರಿ ಸಾಕಾಗ್ತದೆ. ಇಲ್ಲಿ 15 ಕೋಟಿ ಡಿಗ್ರಿ ಬೇಕು ಅಂತಾರಲ್ಲ, ಯಾಕೆ?

ಸೂರ್ಯನಿಗೆ ಅವಸರವಿಲ್ಲ. ಅವನ ಗರ್ಭದಲ್ಲಿ ಒಂದು ಘನ ಮೀಟರ್ ಜಾಗದಿಂದ ಹೊರಡುವ ಶಕ್ತಿ 300 ವಾಟ್‌ಗೂ ಕಡಿಮೆ, ಹಟ್ಟಿಗೊಬ್ಬರದ ರಾಶಿ ಕಾವೇರಿದಾಗ ಕೊಡುವಷ್ಟೇ. ಗಾತ್ರ ಅಗಾಧವಾದ್ದರಿಂದ ಒಟ್ಟು ಮೊತ್ತ ಅಷ್ಟಾಗುತ್ತದೆ. ಸ್ಥಾವರಕ್ಕೆ ಆ ವೇಗ ಏನೇನೂ ಸಾಲದು. ಜತೆಗೆ ಸೂರ್ಯನ ಒಳಗಿನ ಒತ್ತಡ ಭೂಮಿಯ ಮೇಲೆ ಸಿಗುವುದಿಲ್ಲ. ಸಾಂದ್ರತೆಯಲ್ಲಿ ಕಳೆದುಕೊಂಡದ್ದನ್ನು ತಾಪದಲ್ಲಿ ಪಡೆಯಬೇಕು, ಅದಕ್ಕೇ ಹತ್ತು ಪಟ್ಟು ಬಿಸಿ.

ಅಷ್ಟು ಬಿಸಿಯನ್ನು ಯಾವ ಪಾತ್ರೆಯಲ್ಲಿ ಇಡ್ಲಿಕ್ಕೆ ಆಗ್ತದೆ?

ಯಾವ ಪಾತ್ರೆಯನ್ನೂ ಮುಟ್ಟಗೊಡದೆ. ಉದ್ದಿನ ವಡೆಯ ಆಕಾರದ ನಿರ್ವಾತ ಕೋಣೆಯ ಸುತ್ತ ಕಾಂತಸುರುಳಿಗಳನ್ನಿಟ್ಟು, ಪ್ಲಾಸ್ಮಾವನ್ನು ನಡುವೆ ತೇಲಿಸಿ ಹಿಡಿಯುವ ಯಂತ್ರಕ್ಕೆ ಟೋಕಮಾಕ್ ಎನ್ನುತ್ತಾರೆ. 1950ರ ದಶಕದ ಸೋವಿಯತ್ ಕಲ್ಪನೆ ಅದು. 1968ರಲ್ಲಿ ಟಿ-3 ಎಂಬ ಯಂತ್ರದ ತಾಪವನ್ನು ಪಶ್ಚಿಮದವರು ನಂಬಲಿಲ್ಲ. ಮರುವರ್ಷ ಬ್ರಿಟಿಷ್ ತಂಡವೊಂದು ತನ್ನದೇ ಲೇಸರ್ ಒಯ್ದು ಅಳೆದು ನೋಡಿ ನಿಜ ಎಂದ ಮೇಲೆ ಎಲ್ಲರೂ ಟೋಕಮಾಕಿನ ಕಡೆ ತಿರುಗಿದರು.

ಜನ ಗಮನಿಸದ ಒಂದು ವಿಷಯ ಇದೆ. ಒಳಗಿರುವ ಪ್ಲಾಸ್ಮಾ ನಾವು ಉಸಿರಾಡುವ ಗಾಳಿಗಿಂತ ಎರಡು ಲಕ್ಷಕ್ಕೂ ಹೆಚ್ಚು ಪಟ್ಟು ತೆಳು. ಫ್ರಾನ್ಸಿನ ಕಾದರಾಶ್‌ನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ಈಟರ್ ಎಂಬ ಟೋಕಮಾಕಿನ ಪ್ಲಾಸ್ಮಾದ ಗಾತ್ರ 840 ಘನ ಮೀಟರ್, ಅಂದರೆ ದೊಡ್ಡ ಮನೆಯಷ್ಟು. ಅದರೊಳಗೆ ಒಂದು ಹೊತ್ತಿಗೆ ಇರುವ ಇಂಧನ ಒಂದು ಗ್ರಾಂ ಕೂಡ ಇಲ್ಲ.

ಸಿಡಿದರೆ ಪಣಂಬೂರಿನಿಂದ ಮಲ್ಪೆವರೆಗೆ ಯಾರೂ ಉಳಿಯಲಿಕ್ಕಿಲ್ಲ ಅಲ್ವಾ? ಹೈಡ್ರೋಜನ್ ಬಾಂಬೂ ಇದೇ ತಾನೆ?

ಹೈಡ್ರೋಜನ್ ಬಾಂಬಿಗೆ ಬೆಂಕಿ ಹೊತ್ತಿಸಲು ಒಳಗೊಂದು ವಿದಳನ ಬಾಂಬ್ ಬೇಕು. ಸ್ಥಾವರದಲ್ಲಿ ಅಂಥದ್ದೇನೂ ಇರುವುದಿಲ್ಲ. ಸರಪಳಿ ಕ್ರಿಯೆಯೂ ಇಲ್ಲ. ಗಾಳಿ ಒಳಗೆ ನುಗ್ಗಿದರೆ, ಕಾಂತಕ್ಷೇತ್ರ ಕೆಟ್ಟರೆ, ಇಂಧನ ನಿಂತರೆ ಪ್ಲಾಸ್ಮಾ ಕ್ಷಣದಲ್ಲಿ ಆರಿಹೋಗುತ್ತದೆ. ಯಂತ್ರದ ಒಳಭಾಗ ಹಾಳಾದೀತು, ಊರಿಗೆ ಏನೂ ಆಗದು.

ಅಪಾಯವೇ ಇಲ್ಲ ಅನ್ನುವುದೂ ಸರಿಯಲ್ಲ. ಎಚ್ಚರ ಬೇಕಾದದ್ದು ಟ್ರೀಷಿಯಂ ಬಗ್ಗೆ. ಅದು ವಿಕಿರಣಶೀಲ, ಬಿಸಿ ಲೋಹದ ಮೂಲಕವೂ ಜಿನುಗುತ್ತದೆ, ನೀರಿನೊಡನೆ ಬೆರೆತರೆ ಮೈಯೊಳಗೆ ಹೋಗುತ್ತದೆ. ಅದನ್ನು ಹಿಡಿದಿಡಲು ಒಂದರ ಹೊರಗೊಂದು ಕವಚ, ಕೋಣೆಯ ಗಾಳಿ ಶುದ್ಧೀಕರಣ, ಸದಾ ನಿಗಾ ಬೇಕೇ ಬೇಕು.

## ಇಂಧನದ ಲೆಕ್ಕ

ಸಮುದ್ರದ ನೀರಿಂದ ಕರೆಂಟ್ ಅಂತಾರೆ. ನಮ್ಮ ಕಡಲಿನ ನೀರು ಆಗ್ತದಾ?

ಆಗುತ್ತದೆ, ಅರ್ಧ ಇಂಧನಕ್ಕೆ ಮಾತ್ರ. ಸಮುದ್ರದ ಒಂದು ಘನ ಮೀಟರ್ ನೀರಿನಲ್ಲಿ ಸುಮಾರು 33 ಗ್ರಾಂ ಡ್ಯೂಟೀರಿಯಂ ಇದೆ. ಎಲ್ಲೂರಿನ ಕಲ್ಲಿದ್ದಲು ಸ್ಥಾವರದಷ್ಟೇ, ಅಂದರೆ 1,200 ಮೆಗಾವಾಟ್ ವಿದ್ಯುತ್ ಕೊಡುವ ಸಮ್ಮಿಲನ ಸ್ಥಾವರ ಇದೆ ಎಂದುಕೊಳ್ಳಿ. ನೂರಕ್ಕೆ ನಲ್ವತ್ತು ದಕ್ಷತೆ ಹಿಡಿದರೆ 3,000 ಮೆಗಾವಾಟ್ ಶಾಖ ಬೇಕು. ಒಂದು ಕಿಲೋ ಡ್ಯೂಟೀರಿಯಂ–ಟ್ರೀಷಿಯಂ ಮಿಶ್ರಣ ಪೂರ್ತಿ ಉರಿದರೆ ಸುಮಾರು 340 ಲಕ್ಷ ಕೋಟಿ ಜೂಲ್ ಸಿಗುತ್ತದೆ. ಆ ಪ್ರಕಾರ ದಿನದ ಖರ್ಚು ಮುಕ್ಕಾಲು ಕಿಲೋ: ಡ್ಯೂಟೀರಿಯಂ ಸುಮಾರು 300 ಗ್ರಾಂ, ಟ್ರೀಷಿಯಂ ಸುಮಾರು 460 ಗ್ರಾಂ.

300 ಗ್ರಾಂ ಡ್ಯೂಟೀರಿಯಂ ಇರುವುದು ಬೇಸಗೆಯಲ್ಲಿ ಫ್ಲಾಟುಗಳಿಗೆ ಬರುವ 10,000 ಲೀಟರಿನ ಒಂದು ಟ್ಯಾಂಕರಿನಷ್ಟು ನೀರಿನಲ್ಲಿ. ಅಷ್ಟೇ ವಿದ್ಯುತ್ತಿಗೆ ಕಲ್ಲಿದ್ದಲಾದರೆ ದಿನಕ್ಕೆ 10,000 ಟನ್ನಿಗೂ ಮೇಲೆ ನವಮಂಗಳೂರು ಬಂದರಿನಲ್ಲಿ ಇಳಿಯಬೇಕು. ಡ್ಯೂಟೀರಿಯಂ ಬೇರ್ಪಡಿಸುವುದು ಹೊಸ ವಿದ್ಯೆಯೂ ಅಲ್ಲ. ಕೈಗಾದಂಥ ಸ್ಥಾವರಗಳಿಗೆ ಬೇಕಾದ ಭಾರಜಲವನ್ನು (ಡ್ಯೂಟೀರಿಯಂ ಇರುವ ನೀರು) ಭಾರತ ದಶಕಗಳಿಂದ ತಯಾರಿಸುತ್ತಿದೆ.

ಹಾಗಾದರೆ ಇನ್ನರ್ಧ, ಆ ಟ್ರೀಷಿಯಂ, ಎಲ್ಲಿಂದ ಬರ್ತದೆ?

ಸಮ್ಮಿಲನದ ಕಥೆ ಕುಂಟುವುದು ಇಲ್ಲಿ. ಟ್ರೀಷಿಯಂನ ಅರ್ಧಾಯು 12.3 ವರ್ಷ. ಹಾಗಾಗಿ ನಿಸರ್ಗದಲ್ಲಿ ಅದು ದಾಸ್ತಾನಾಗಿ ಉಳಿಯುವುದಿಲ್ಲ, ಡಬ್ಬದಲ್ಲಿ ಕೂಡಿಟ್ಟರೂ ವರ್ಷಕ್ಕೆ ನೂರಕ್ಕೆ ಐದೂವರೆಯಷ್ಟು ಕರಗುತ್ತದೆ. ಜಗತ್ತಿನ ನಾಗರಿಕ ದಾಸ್ತಾನು 25ರಿಂದ 30 ಕಿಲೋ ಆಸುಪಾಸು. ಬಹುಪಾಲು ಕೆನಡಾದ ಭಾರಜಲ ರಿಯಾಕ್ಟರುಗಳಿಂದ ಬಂದದ್ದು. ಕೈಗಾದ ಘಟಕಗಳೂ ಅದೇ ಮನೆತನದವು, ಅಲ್ಲಿನ ಭಾರಜಲದಲ್ಲೂ ಟ್ರೀಷಿಯಂ ಹುಟ್ಟುತ್ತದೆ.

ಮೇಲಿನ ಸ್ಥಾವರಕ್ಕೆ ವರ್ಷಕ್ಕೆ 165 ಕಿಲೋಗೂ ಹೆಚ್ಚು ಬೇಕು. ಜಗತ್ತಿನದ್ದೆಲ್ಲ ತಂದು ಸುರಿದರೂ ಎರಡು ತಿಂಗಳಿಗೆ ಮುಗಿಯಿತು. ಆದ್ದರಿಂದ ಸ್ಥಾವರ ತನ್ನ ಟ್ರೀಷಿಯಂ ತಾನೇ ಹುಟ್ಟಿಸಿಕೊಳ್ಳಬೇಕು. ಗೋಡೆಯ ಹಿಂದೆ ಲೀಥಿಯಂ ತುಂಬಿದ ದಪ್ಪ ಹೊದಿಕೆ ಇಟ್ಟರೆ, ಲೀಥಿಯಂ-6 ನ್ಯೂಟ್ರಾನನ್ನು ನುಂಗಿ ಟ್ರೀಷಿಯಂ ಮತ್ತು ಹೀಲಿಯಂ ಆಗುತ್ತದೆ. ದಿನಕ್ಕೆ ಬೇಕಾಗುವುದು ಸುಮಾರು ಒಂದು ಕಿಲೋ ಲೀಥಿಯಂ-6. ಗಣಿಯಿಂದ ಬರುವ ಲೀಥಿಯಮ್ಮಿನಲ್ಲಿ ಅದರ ಪಾಲು ನೂರಕ್ಕೆ ಏಳೂವರೆ ಪರಮಾಣು. ಕಾಗದದ ಮೇಲೆ ಎಲ್ಲ ಸರಿ ಕೂಡುತ್ತದೆ. ಆದರೆ ಹೀಗೆ ಖರ್ಚಿನಷ್ಟು ಟ್ರೀಷಿಯಂ ಹುಟ್ಟಿಸಿ, ಹೊರತೆಗೆದು, ಮರಳಿ ಉರಿಸಿದ ಯಂತ್ರ ಇಂದಿನವರೆಗೆ ಒಂದೂ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ತಾಪದ ದಾಖಲೆಗಳಿಗಿಂತ ಕಣ್ಣಿಡಬೇಕಾದ ಸುದ್ದಿ ಇದು.

ಚಂದ್ರನಿಂದ ಹೀಲಿಯಂ-3 ತಂದರೆ ಟ್ರೀಷಿಯಮ್ಮಿನ ತಾಪತ್ರಯವೇ ಇಲ್ಲ ಅಂತಾರೆ, ಹೌದಾ?

ನ್ಯೂಟ್ರಾನ್ ಕಾಟ ಕಡಿಮೆಯಾಗುವುದು ನಿಜ. ಆದರೆ ಆ ಕ್ರಿಯೆಗೆ ಇನ್ನೂ ಹಲವು ಪಟ್ಟು ತಾಪ ಬೇಕು. ಸುಲಭದ್ದೇ ಇನ್ನೂ ಕೈವಶವಾಗಿಲ್ಲ. ಚಂದ್ರನ ಮಣ್ಣಿನಲ್ಲಿ ಅದು ಇರುವುದೂ ಅತ್ಯಲ್ಪ.

## ಯಂತ್ರದ ಒಳಗೆ

ಯಂತ್ರ ಚಾಲೂ ಮಾಡುವಾಗ ನಿಜವಾಗಿ ಏನೇನು ಮಾಡ್ತಾರೆ? ಸ್ವಿಚ್ ಹಾಕಿದರೆ ಆಯ್ತಾ?

ಟೋಕಮಾಕ್ ಸದ್ಯ ಓಡುವುದು ಬಿಡಿ ಬಿಡಿ ಓಟಗಳಲ್ಲಿ. ಪ್ರಯೋಗಶಾಲೆಯವರು ಒಂದೊಂದನ್ನೂ ಶಾಟ್ ಎನ್ನುತ್ತಾರೆ.

ಮೊದಲು ಕೋಣೆಯ ಗಾಳಿಯನ್ನೆಲ್ಲ ಪಂಪ್ ಮಾಡಿ ತೆಗೆಯಬೇಕು. ಪ್ರತಿ ಬೆಸುಗೆಯ ಹೊರಗೆ ಹೀಲಿಯಂ ಅನಿಲವನ್ನು ಸಣ್ಣಗೆ ಊದುತ್ತಾ ಹೋಗುತ್ತಾರೆ. ಒಳಗಿನ ಮಾಸ್ ಸ್ಪೆಕ್ಟ್ರೋಮೀಟರಿನ ಮುಳ್ಳು ಅಲುಗಿದರೆ ಅಲ್ಲಿ ಸೋರಿಕೆ ಇದೆ ಎಂದರ್ಥ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರವೂ ಸಿಕ್ಕಿಬೀಳುತ್ತದೆ. ಆಮೇಲೆ ಗೋಡೆಯನ್ನು ಕಾಯಿಸುವುದು, ಈಟರ್‌ನಂಥ ಯಂತ್ರದಲ್ಲಿ 200 ಡಿಗ್ರಿ ದಾಟಿಸಿ. ಲೋಹದಲ್ಲಿ ಅಂಟಿಕೊಂಡ ನೀರಾವಿ, ಎಣ್ಣೆಯಂಶ, ಬೆರಳಿನ ಗುರುತು ಎಲ್ಲ ಹೊರಡಬೇಕು. ಮುಂದೆ ಮಂದ ವಿದ್ಯುತ್ ವಿಸರ್ಜನೆಯಿಂದ ಮೇಲ್ಮೈ ಉಜ್ಜಿ ತೆಗೆದು, ಎಷ್ಟೋ ಕಡೆ ಬೋರಾನಿನ ತೆಳು ಲೇಪ ಕೊಡುತ್ತಾರೆ. ಅತಿವಾಹಕ (ತೀರ ತಣ್ಣಗಾದಾಗ ವಿದ್ಯುತ್ ರೋಧವೇ ಇಲ್ಲದ) ಸುರುಳಿಗಳಿದ್ದರೆ ಅವನ್ನು ದ್ರವ ಹೀಲಿಯಮ್ಮಿನಿಂದ ಮೈನಸ್ 269 ಡಿಗ್ರಿಗೆ ಇಳಿಸಬೇಕು. ದೊಡ್ಡ ಯಂತ್ರದಲ್ಲಿ ಇದೊಂದೇ ವಾರಗಟ್ಟಲೆ ಹಿಡಿಯುತ್ತದೆ, ಅವಸರ ಮಾಡಿದರೆ ಲೋಹ ಅಲ್ಲಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಬಿರುಕು ಬಿಡುತ್ತದೆ.

ಇಷ್ಟಾದ ಮೇಲೆ ಶಾಟ್. ಸುರುಳಿಗಳಿಗೆ ವಿದ್ಯುತ್ ಏರಿಸಿ, ಒಂದು ಚಿಟಿಕೆ ಅನಿಲ ಬಿಟ್ಟು, ನಡುವಿನ ಸುರುಳಿಯ ಪ್ರವಾಹವನ್ನು ಥಟ್ಟನೆ ಬದಲಿಸುತ್ತಾರೆ. ಟ್ರಾನ್ಸ್‌ಫಾರ್ಮರಿನ ತತ್ವವೇ: ಅನಿಲವೇ ಎರಡನೆಯ ಸುತ್ತಾಗಿ ಅದರೊಳಗೆ ಪ್ರವಾಹ ಹರಿದು ಪ್ಲಾಸ್ಮಾ ಆಗುತ್ತದೆ. ಆ ಪ್ರವಾಹದ ಬಿಸಿ ಒಂದು ಮಟ್ಟದವರೆಗೆ ಸಾಕು. ಪ್ಲಾಸ್ಮಾ ಬಿಸಿಯಾದಷ್ಟೂ ಅದರ ವಿದ್ಯುತ್ ರೋಧ ಇಳಿಯುವುದರಿಂದ ಮುಂದೆ ಹೊರಗಿನ ಕಾವು ಬೇಕು. ವೇಗದ ತಟಸ್ಥ ಪರಮಾಣುಗಳ ಧಾರೆಯನ್ನೋ ಮೈಕ್ರೋವೇವನ್ನೋ ಹಾಯಿಸುತ್ತಾರೆ. ಕೊನೆಗೆ ಮೆಲ್ಲಗೆ ಇಳಿಸಬೇಕು, ಏರಿಸುವುದಕ್ಕಿಂತ ಇಳಿಸುವುದೇ ನಾಜೂಕು.

ಎಲ್ಲಿ ಕೆಡ್ತದೆ? ಇಷ್ಟು ವರ್ಷ ಆದರೂ ಯಾಕೆ ಆಗಲಿಲ್ಲ?

ಮೊದಲನೆಯದು, ಪ್ಲಾಸ್ಮಾ ಹಠಾತ್ ಕುಸಿತ. ಈಟರ್‌ನಲ್ಲಿ 1.5 ಕೋಟಿ ಆಂಪಿಯರ್ ಪ್ರವಾಹ ಹರಿಯಬೇಕು. ಹಿಡಿತ ತಪ್ಪಿದರೆ ಒಳಗಿನ ಶಕ್ತಿಯೆಲ್ಲ ಸೆಕೆಂಡಿನ ಸಣ್ಣ ಚೂರಿನಲ್ಲಿ ಗೋಡೆಯ ಮೇಲೆ ಬಂದು ಬೀಳುತ್ತದೆ, ಲೋಹ ಕರಗುತ್ತದೆ, ರಚನೆ ತಿರುಚುತ್ತದೆ. ಅದಕ್ಕೆ ಮದ್ದಾಗಿ ಹೆಪ್ಪುಗಟ್ಟಿದ ಅನಿಲದ ಗುಂಡನ್ನು ಪುಡಿಮಾಡಿ ಒಳಗೆ ಹಾರಿಸುವ ವ್ಯವಸ್ಥೆ ಇಡುತ್ತಾರೆ. ಶಕ್ತಿ ಒಂದೇ ಕಡೆ ಬೀಳುವ ಬದಲು ಬೆಳಕಾಗಿ ಎಲ್ಲೆಡೆ ಹರಡುತ್ತದೆ.

ಎರಡನೆಯದು, ಕಲ್ಮಶ. ಒಳಗೋಡೆಗೆ ಟಂಗ್‌ಸ್ಟನ್ ಹಾಕುತ್ತಾರೆ, 3,422 ಡಿಗ್ರಿವರೆಗೂ ಕರಗದು. ಆದರೆ ಪ್ಲಾಸ್ಮಾದಲ್ಲಿ ಲಕ್ಷ ಕಣಕ್ಕೆ ಕೆಲವೇ ಟಂಗ್‌ಸ್ಟನ್ ಕಣ ಸೇರಿದರೂ ಅವು ಎಕ್ಸ್-ಕಿರಣ ಸೂಸಿ ಕಾವನ್ನೆಲ್ಲ ಕದ್ದುಬಿಡುತ್ತವೆ.

ಮೂರನೆಯದು, ಕೆಳಭಾಗದ ಡೈವರ್ಟರ್. ಬೂದಿ ಎನ್ನಬಹುದಾದ ಹೀಲಿಯಂ ಹೊರಹೋಗುವ ದಾರಿ ಇದೇ. ಪ್ರತಿ ಚದರ ಮೀಟರಿಗೆ 10 ಮೆಗಾವಾಟ್ ಶಾಖವನ್ನು ಬಿಡದೆ ತಾಳಬೇಕು. ಹಿಂದೆ ನೀರು ರಭಸದಿಂದ ಹರಿಯುತ್ತಿರಬೇಕು. ಟಂಗ್‌ಸ್ಟನ್ ಬಿಲ್ಲೆಗೂ ತಾಮ್ರದ ಕೊಳವೆಗೂ ನಡುವಿನ ಬೆಸುಗೆ ಬಿಟ್ಟರೆ ಆ ಬಿಲ್ಲೆಯ ಕಥೆ ಮುಗಿಯಿತು.

ಇನ್ನು ಶುದ್ಧ ಕಾರ್ಖಾನೆ ಕೆಲಸದ ತೊಂದರೆಗಳು. ಈಟರ್‌ನಲ್ಲಿ ನಿರ್ವಾತ ಕೋಣೆಯ ತುಂಡುಗಳ ಅಂಚುಗಳು ಅಳತೆಗೆ ಸರಿಯಾಗಿರಲಿಲ್ಲ. ಉಷ್ಣಕವಚದ ತಂಪುಕೊಳವೆಗಳಲ್ಲಿ, ಉಳಿದುಹೋದ ಕ್ಲೋರಿನ್ ಮತ್ತು ಬೆಸುಗೆಯ ಒತ್ತಡ ಸೇರಿ, ಬಿರುಕು ಕಂಡವು. ವರ್ಷಗಳೇ ಹೋದದ್ದು ಇಂಥ ರಿಪೇರಿಗೆ. ಭೌತವಿಜ್ಞಾನದ ರಹಸ್ಯಕ್ಕೆ ಹೋದದ್ದಕ್ಕಿಂತ ಇದು ಕಡಿಮೆಯೇನಲ್ಲ.

ತ್ಯಾಜ್ಯವೇ ಇಲ್ಲ ಅನ್ನುವುದು ನಿಜವಾ?

ಉರಿದ ಇಂಧನದ ತ್ಯಾಜ್ಯ ಇಲ್ಲ, ಉಳಿಯುವುದು ಹೀಲಿಯಂ. ಆದರೆ ನ್ಯೂಟ್ರಾನ್ ಬಡಿದ ಉಕ್ಕು ವಿಕಿರಣಶೀಲವಾಗುತ್ತದೆ. ಉಕ್ಕಿನಲ್ಲಿ ನಿಕ್ಕಲ್, ಮಾಲಿಬ್ಡಿನಂ, ನಿಯೋಬಿಯಂ ತೆಗೆದು ಟಂಗ್‌ಸ್ಟನ್, ವೆನೇಡಿಯಂ, ಟ್ಯಾಂಟಲಂ ಸೇರಿಸಿದರೆ ಅದು ನೂರು ವರ್ಷದ ಲೆಕ್ಕದಲ್ಲಿ ತಣಿಯುತ್ತದೆ. ಇಂಥ ಉಕ್ಕನ್ನು ಭಾರತವೂ ಮಾಡಿದೆ. ಸಾವಿರಾರು ವರ್ಷ ಕಾಯಬೇಕಾದ ವಿದಳನ ತ್ಯಾಜ್ಯಕ್ಕೆ ಹೋಲಿಸಿದರೆ ವಾಸಿ. ಒಳಗೋಡೆಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾಗುವುದರಿಂದ ಪ್ರಮಾಣ ಮಾತ್ರ ಸಣ್ಣದಲ್ಲ. ಮನುಷ್ಯ ಒಳಗೆ ಹೋಗುವ ಹಾಗಿಲ್ಲ, ಕೆಲಸವೆಲ್ಲ ರೋಬೋ ಕೈಗಳದು.

## ಸುದ್ದಿ, ಹಣ, ಕಾಲ

2022ರಲ್ಲೇ ಹಾಕಿದ್ದಕ್ಕಿಂತ ಜಾಸ್ತಿ ಶಕ್ತಿ ಬಂತು ಅಂತ ಪೇಪರಲ್ಲಿ ಬಂದಿತ್ತಲ್ಲ?

ಬಂದದ್ದು ಸುಳ್ಳಲ್ಲ. 2022ರ ಡಿಸೆಂಬರ್ 5ರಂದು ಅಮೆರಿಕದ ಲಿವರ್‌ಮೋರ್ ಪ್ರಯೋಗಶಾಲೆಯಲ್ಲಿ 192 ಲೇಸರ್ ಕಿರಣಗಳು 2.05 ಮೆಗಾಜೂಲ್ ಹಾಕಿದವು, 3.15 ಮೆಗಾಜೂಲ್ ಬಂತು. ಆದರೆ ಆ ಲೇಸರುಗಳನ್ನು ಚಾರ್ಜ್ ಮಾಡಲು ಗ್ರಿಡ್‌ನಿಂದ ಎಳೆದದ್ದು ಸುಮಾರು 300 ಮೆಗಾಜೂಲ್. ವಿಜ್ಞಾನವಾಗಿ ದೊಡ್ಡ ಮೈಲಿಗಲ್ಲು, ವಿದ್ಯುತ್ತಾಗಿ ನೂರಕ್ಕೆ ಒಂದು.

ಮುಂದೆ ಇಂಥ ಸುದ್ದಿ ಓದುವಾಗ ಕೇಳಿಕೊಳ್ಳಬೇಕಾದದ್ದು: ಹಾಕಿದ ಶಕ್ತಿ ಅಂದರೆ ಪ್ಲಾಸ್ಮಾಕ್ಕೆ ತಲುಪಿದ್ದೋ, ಮೀಟರಿನಲ್ಲಿ ಓಡಿದ್ದೋ? ಟ್ರೀಷಿಯಂ ಇತ್ತೋ, ಬರೇ ಹೈಡ್ರೋಜನ್ನೋ? ಚೀನಾದ ಈಸ್ಟ್ ಯಂತ್ರ 2025ರ ಜನವರಿಯಲ್ಲಿ 1,066 ಸೆಕೆಂಡ್, ಫ್ರಾನ್ಸಿನ ವೆಸ್ಟ್ ಫೆಬ್ರವರಿಯಲ್ಲಿ 1,337 ಸೆಕೆಂಡ್ ಪ್ಲಾಸ್ಮಾ ಹಿಡಿದವು. ಎರಡರಲ್ಲೂ ಸಮ್ಮಿಲನದಿಂದ ಶಕ್ತಿ ತೆಗೆಯುವ ಉದ್ದೇಶವಿರಲಿಲ್ಲ. ಶಕ್ತಿ ತೆಗೆದದ್ದು ಬ್ರಿಟನ್ನಿನ ಜೆಟ್: 2023ರ ಕೊನೆಯ ಪ್ರಯೋಗಗಳಲ್ಲಿ 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೂಲ್, ಐದು ಸೆಕೆಂಡ್ ಹೊತ್ತು. ಅಲ್ಲೂ ಹಾಕಿದ್ದೇ ಜಾಸ್ತಿ.

ಯಾವಾಗ ಕೇಳಿದರೂ ಇನ್ನು 30 ವರ್ಷ ಅಂತಾರೆ. ನಮ್ಮ ಕಾಲಕ್ಕೆ ಉಂಟಾ?

1955ರ ಜಿನೀವಾ ಅಣುಶಕ್ತಿ ಸಮ್ಮೇಳನದ ಅಧ್ಯಕ್ಷರಾಗಿದ್ದ ಹೋಮಿ ಭಾಭಾ ಎರಡು ದಶಕದಲ್ಲಿ ದಾರಿ ಸಿಗುತ್ತದೆ ಎಂದು ಅಂದಾಜಿಸಿದ್ದರು. ಅವರ ಎಣಿಕೆ ತಪ್ಪಿತು. ಈಟರ್ ಒಪ್ಪಂದಕ್ಕೆ 2006ರಲ್ಲಿ ಸಹಿ ಬಿತ್ತು. 2024ರಲ್ಲಿ ಪರಿಷ್ಕರಿಸಿದ ವೇಳಾಪಟ್ಟಿಯಂತೆ ಸಂಶೋಧನೆಯ ಓಟ 2034ಕ್ಕೆ, ಟ್ರೀಷಿಯಂ ಸೇರಿಸುವುದು 2039ಕ್ಕೆ. ಅದರ ಗುರಿ 50 ಮೆಗಾವಾಟ್ ಕಾವಿಗೆ 500 ಮೆಗಾವಾಟ್ ಸಮ್ಮಿಲನ ಶಕ್ತಿ. ವಿದ್ಯುತ್ ಉತ್ಪಾದನೆ ಅದರ ಕೆಲಸವೇ ಅಲ್ಲ, ಟರ್ಬೈನ್ ಇಲ್ಲ.

ಖಾಸಗಿ ಕಂಪನಿಗಳು ಇನ್ನೂ ಬೇಗ ಎನ್ನುತ್ತವೆ. ಅಮೆರಿಕದ ಕಾಮನ್‌ವೆಲ್ತ್ ಫ್ಯೂಷನ್ 2021ರಲ್ಲಿ 20 ಟೆಸ್ಲಾದ ಕಾಂತವನ್ನು ನಡೆಸಿ ತೋರಿಸಿತು, ಅದು ನಿಜವಾದ ಸಾಧನೆ. 2030ರ ದಶಕದ ಆರಂಭದಲ್ಲಿ ಗ್ರಿಡ್‌ಗೆ ವಿದ್ಯುತ್ ಎಂಬ ಅವರ ಮಾತಿಗೆ ಮಾತ್ರ ಹೊದಿಕೆ, ಗೋಡೆ, ಟ್ರೀಷಿಯಂ ಮೂರೂ ಒಟ್ಟಿಗೆ ಕೈಹಿಡಿಯಬೇಕು. ಈಗ ಪಿಯುಸಿಯಲ್ಲಿರುವವರು ಮೊದಲ ಸ್ಥಾವರ ನೋಡುವ ಸಂಭವ ಇದೆ. ಅದು ಮೆಸ್ಕಾಂ ಬಿಲ್ಲಿನ ಮೇಲೆ ಕಾಣುವುದು ಬೇರೆಯೇ ಮಾತು.

ಹಾಗಾದರೆ ಮನೆ ಮಾಡಿಗೆ ಸೋಲಾರ್ ಹಾಕಿಸುವುದನ್ನು ಮುಂದೆ ಹಾಕಬಹುದಾ?

ಬೇಡ. ಒಂದು ಕಿಲೋವಾಟಿಗೆ ನೂರು ಚದರಡಿ ಜಾಗ, ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ. ಆಟಿ ತಿಂಗಳಲ್ಲಿ ಉತ್ಪಾದನೆ ತೀರ ಇಳಿಯುತ್ತದೆ, ನಿಜ. ಆದರೆ ಅದೇ ಹೊತ್ತಿಗೆ ವಾರಾಹಿ, ಶರಾವತಿ ತುಂಬಿರುತ್ತವೆ. ಮಳೆ ಕೈಕೊಟ್ಟ ವರ್ಷಕ್ಕೂ ರಾತ್ರಿಗೂ ಹಗಲುರಾತ್ರಿ ಓಡುವ ಮೂಲವೊಂದು ಬೇಕು. ಸಮ್ಮಿಲನ ಬಂದರೆ ಅದರ ಜಾಗ ಅದು.

ಎಲ್ಲೂರಿನಂಥ ಜಾಗದಲ್ಲೇ ಕಟ್ಟಿದರೆ ಹಾರುಬೂದಿ, ಹೊಗೆ ಎಲ್ಲ ತಪ್ತದಾ?

ಹಾರುಬೂದಿ, ಹೊಗೆ ತಪ್ಪುತ್ತದೆ. ಉಳಿದವು ತಪ್ಪುವುದಿಲ್ಲ. 3,000 ಮೆಗಾವಾಟ್ ಶಾಖದಲ್ಲಿ 1,200 ವಿದ್ಯುತ್ತಾದರೆ 1,800 ಮೆಗಾವಾಟ್ ಬಿಸಿ ಸಮುದ್ರಕ್ಕೋ ಕೂಲಿಂಗ್ ಟವರಿಗೋ ಹೋಗಲೇಬೇಕು. ಮೀನುಗಾರರ ಪ್ರಶ್ನೆ, ಅಡಿಕೆ ತೋಟದ ಮೇಲೆ ಹಾಯುವ ಹೈಟೆನ್ಷನ್ ಲೈನಿನ ಪ್ರಶ್ನೆ ಹಾಗೇ ಇರುತ್ತವೆ.

ಭಾರತದಲ್ಲಿ ಇದರ ಕೆಲಸ ಎಲ್ಲಿ ನಡೀತದೆ? ನಮ್ಮ ಮಕ್ಕಳು ಸೇರ್ಲಿಕ್ಕೆ ದಾರಿ ಎಂಥದು?

ಗಾಂಧಿನಗರದ ಬಳಿಯ ಭಾಟ್‌ನಲ್ಲಿರುವ ಪ್ಲಾಸ್ಮಾ ಸಂಶೋಧನಾ ಸಂಸ್ಥೆ. ಅಲ್ಲಿ 1989ರಿಂದ ಓಡಿದ ಆದಿತ್ಯ ಟೋಕಮಾಕ್ (ಈಗ ಆದಿತ್ಯ-ಯು), ಅತಿವಾಹಕ ಸುರುಳಿಗಳ ಎಸ್ಎಸ್‌ಟಿ-1 ಇವೆ. ಈಟರ್‌ನ ಏಳು ಪಾಲುದಾರರಲ್ಲಿ ಭಾರತವೂ ಒಂದು. ಇಡೀ ಯಂತ್ರವನ್ನು ಒಳಗೊಳ್ಳುವ 3,850 ಟನ್ನಿನ ಕ್ರಯೋಸ್ಟಾಟ್ (ಸುರುಳಿಗಳನ್ನು ತಣ್ಣಗಿಡುವ ನಿರ್ವಾತ ಪಾತ್ರೆ) ಗುಜರಾತಿನ ಹಜೀರಾದಲ್ಲಿ 54 ತುಂಡುಗಳಾಗಿ ತಯಾರಾಗಿ ಹಡಗಿನಲ್ಲಿ ಹೋಯಿತು.

ಕೊಣಾಜೆಯಲ್ಲಿ ಎಂಎಸ್ಸಿ ಭೌತಶಾಸ್ತ್ರವೋ ಸುರತ್ಕಲ್, ಮಣಿಪಾಲದಲ್ಲಿ ಎಂಜಿನಿಯರಿಂಗೋ ಮಾಡಿದವರು ಜೆಸ್ಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಪಿಎಚ್‌ಡಿಗೆ ಪ್ರಯತ್ನಿಸಬಹುದು. ಭೌತಶಾಸ್ತ್ರದವರೇ ಬೇಕೆಂದಿಲ್ಲ. ನಿರ್ವಾತ ತಂತ್ರ, ಅತಿಶೀತ ತಂತ್ರ, ಪವರ್ ಎಲೆಕ್ಟ್ರಾನಿಕ್ಸ್ ಬಲ್ಲವರಿಗೆ ಬೇಡಿಕೆ ಹೆಚ್ಚು. ಸೋರಿಕೆಯಿಲ್ಲದ ಟಿಗ್ ಬೆಸುಗೆ ಹಾಕಬಲ್ಲ ಐಟಿಐ ಹುಡುಗರಿಗೂ.

## ಒಳಗಿಳಿಯುವವರಿಗೆ

ಲಾಸನ್ ಮಾನದಂಡ ಅಂದರೆ ಕೊನೆಗೆ ಎಷ್ಟು ಬೇಕು? ಸಾವಿರ ಸೆಕೆಂಡ್ ಹಿಡಿದರೆ ಸಾಲದಾ?

ಪ್ಲಾಸ್ಮಾ ತನ್ನ ಕಾವಿನಲ್ಲೇ ಉರಿಯುತ್ತಿರಬೇಕಾದರೆ ದಾಟಬೇಕಾದ ಗಡಿ ಅದು. ಸಾಂದ್ರತೆ, ತಾಪ, ಶಕ್ತಿ ಹಿಡಿದಿಡುವ ಕಾಲ, ಈ ಮೂರರ ಗುಣಲಬ್ಧ ಘನ ಮೀಟರ್, ಕಿಲೋ ಎಲೆಕ್ಟ್ರಾನ್ ವೋಲ್ಟ್, ಸೆಕೆಂಡ್ ಲೆಕ್ಕದಲ್ಲಿ ಸುಮಾರು 3 × 10²¹ ದಾಟಬೇಕು. ಇಲ್ಲಿನ ಕಾಲ ಶಾಟ್‌ನ ಉದ್ದವಲ್ಲ. ಕಾವು ನಿಲ್ಲಿಸಿದರೆ ಒಳಗಿನ ಶಕ್ತಿ ಎಷ್ಟು ಬೇಗ ಸೋರುತ್ತದೆ ಎಂಬುದರ ಅಳತೆ. ಸಾವಿರ ಸೆಕೆಂಡಿನ ಶಾಟ್‌ನಲ್ಲೂ ಅದು ಸೆಕೆಂಡಿನ ಚೂರೇ ಇರಬಹುದು. ಈಟರ್‌ನ ವಿನ್ಯಾಸದಲ್ಲಿ 3.7 ಸೆಕೆಂಡ್. ಇನ್ನೊಂದು ದಾರಿ ಕಾಂತವನ್ನು ಬಲಪಡಿಸುವುದು. ಉಳಿದದ್ದು ಸಮವಿದ್ದರೆ ಘನ ಮೀಟರಿಗೆ ಸಿಗುವ ಶಕ್ತಿ ಕಾಂತಕ್ಷೇತ್ರದ ನಾಲ್ಕನೇ ಘಾತದಂತೆ ಏರುತ್ತದೆ. ಕ್ಷೇತ್ರ ಎರಡು ಪಟ್ಟಾದರೆ ಶಕ್ತಿ 16 ಪಟ್ಟು. ಸಣ್ಣ ಯಂತ್ರದ ಕಂಪನಿಗಳ ಧೈರ್ಯ ಇದೇ.

ಒಂದು ನ್ಯೂಟ್ರಾನ್‌ನಿಂದ ಒಂದು ಟ್ರೀಷಿಯಂ ಅಂದ ಮೇಲೆ, ಸೋರಿಹೋದ ನ್ಯೂಟ್ರಾನಿನ ಲೆಕ್ಕ ಹೇಗೆ ಸರಿಹೋಗ್ತದೆ?

ಬೆರಿಲಿಯಮ್ಮನ್ನೋ ಸೀಸವನ್ನೋ ಹೊದಿಕೆಯಲ್ಲಿ ಬೆರೆಸುತ್ತಾರೆ. ವೇಗದ ನ್ಯೂಟ್ರಾನ್ ಅವಕ್ಕೆ ಬಡಿದಾಗ ಎರಡು ನ್ಯೂಟ್ರಾನ್ ಹೊರಬರುತ್ತವೆ. ಉರಿದ ಪ್ರತಿ ಟ್ರೀಷಿಯಮ್ಮಿಗೆ 1.05ರಿಂದ 1.1ರಷ್ಟಾದರೂ ಹುಟ್ಟಬೇಕು. ಕಾವಿನ ಧಾರೆ ಹಾಯಿಸುವ ಕಿಂಡಿಗಳು, ಡೈವರ್ಟರ್, ಅಳತೆಯ ಉಪಕರಣಗಳು ಇರುವಲ್ಲಿ ಹೊದಿಕೆ ಹಾಕಲಾಗದು. ಅಂಚು ಕಿರಿದು. ಭಾರತದ ಪ್ರಸ್ತಾವದಲ್ಲಿ ದ್ರವ ಸೀಸ-ಲೀಥಿಯಂ ಮತ್ತು ಲೀಥಿಯಂ ಸೆರಾಮಿಕ್ ಹರಳು ಎರಡೂ ಇವೆ.

ಹಾಕಿದ ಟ್ರೀಷಿಯಂ ಎಲ್ಲ ಉರಿಯುವುದಿಲ್ಲವಂತೆ. ಉಳಿದದ್ದು ಏನಾಗ್ತದೆ?

ಒಂದು ಸುತ್ತಿನಲ್ಲಿ ಉರಿಯುವುದು ಶೇ. 1ರಷ್ಟೋ ಅದಕ್ಕೂ ಕಡಿಮೆಯೋ, ಇಂದಿನ ವಿನ್ಯಾಸಗಳಲ್ಲಿ. ದಿನಕ್ಕೆ 460 ಗ್ರಾಂ ಉರಿಯಬೇಕಾದರೆ 46 ಕಿಲೋ ಒಳಗೆ ಹಾಯಬೇಕು, ಜಗತ್ತಿನ ದಾಸ್ತಾನಿಗಿಂತ ಹೆಚ್ಚು. ಉರಿಯದೆ ಹೊರಬಂದದ್ದನ್ನು ಅತಿಶೀತ ಪಂಪುಗಳಲ್ಲಿ ಹಿಡಿದು, ಹೀಲಿಯಂ ತೆಗೆದು, ಐಸೋಟೋಪ್ ಬೇರ್ಪಡಿಸಿ ಮರಳಿ ಕಳಿಸಬೇಕು. ಈ ಸುತ್ತು 24 ಗಂಟೆ ಹಿಡಿದರೆ ಅಷ್ಟೂ 46 ಕಿಲೋ ಕೊಳವೆಗಳಲ್ಲಿ ನಿಂತಿರುತ್ತದೆ. ನಾಲ್ಕು ಗಂಟೆಗೆ ಇಳಿದರೆ 8 ಕಿಲೋಗಿಂತ ತುಸು ಕಡಿಮೆ. ಉರಿಯುವ ಪಾಲನ್ನೂ ಶೇ. 5ಕ್ಕೆ ಏರಿಸಿದರೆ ಒಂದೂವರೆ ಕಿಲೋ ಸಾಕು. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈಡ್ರೋಜನ್ನನ್ನು ಮಾತ್ರ ಹಾಯಗೊಡುವ ಲೋಹದ ಹಾಳೆಯ ಪಂಪುಗಳ ಮೇಲೆ ಕೆಲಸ ನಡೆದಿರುವುದು ಈ ಕಾರಣಕ್ಕೆ. ಅದು ಒಗ್ಗಿದರೆ ಡೈವರ್ಟರಿನ ಪಕ್ಕದಲ್ಲೇ ಹೆಚ್ಚಿನ ಪಾಲನ್ನು ಬೇರ್ಪಡಿಸಿ, ಐಸೋಟೋಪ್ ಘಟಕಕ್ಕೆ ಕಳಿಸದೆಯೇ ನೇರ ಒಳಗೆ ತಿರುಗಿಸಬಹುದು.